ಹೋಟೆಲ್ ಕ್ಯಾಲಿಫೋರ್ನಿಯಾದಲ್ಲಿ ಕೋರಸ್ ಮೂರನೇ ಸಲ ಯಾಕೆ ಬರುವುದಿಲ್ಲ?

ತಂತಿಪೆಟ್ಟಿಗೆ

ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ. ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಗೊತ್ತಲ್ಲ, 1976ರ ಆಲ್ಬಂನದು. ನಮ್ಮಲ್ಲಿ ಗಿಟಾರ್ ಹಿಡಿದವರೆಲ್ಲ ಒಂದಲ್ಲ ಒಂದು ದಿನ ನುಡಿಸಿರುವ ಹಾಡು. ಒಟ್ಟು ಆರೂವರೆ ನಿಮಿಷ. ಅದರಲ್ಲಿ ಕೋರಸ್, ಅಂದರೆ ತಿರುಗಿ ತಿರುಗಿ ಬರುವ ಭಾಗ, ಬರುವುದು ಎರಡೇ ಸಲ. ಎರಡನ್ನೂ ಕೂಡಿಸಿದರೆ ಒಂದು ನಿಮಿಷವೂ ಆಗುವುದಿಲ್ಲ. ಆದರೂ ಆ ಹಾಡು ಗುನುಗಿ ಅಂದರೆ ಎಲ್ಲರ ಬಾಯಿಗೆ ಮೊದಲು ಬರುವುದು ಕೋರಸ್ಸೇ.

ಮೊದಲು ಗಿಟಾರ್ ಒಂದೇ. ಆಮೇಲೆ ಎರಡು ವರ್ಸ್, ಅಂದರೆ ಕಥೆ ಹೇಳುತ್ತಾ ಮುಂದೆ ಹೋಗುವ ಭಾಗ. ಒಂದೂವರೆ ನಿಮಿಷ ದಾಟಿದ ಮೇಲೆ ಕೋರಸ್. ಮತ್ತೆ ಎರಡು ವರ್ಸ್, ಮತ್ತೆ ಕೋರಸ್. ಮತ್ತೆ ಎರಡು ವರ್ಸ್. ಇಲ್ಲಿಗೆ ಬಂದಾಗ ಕೇಳುವ ಕಿವಿ ಮೂರನೇ ಕೋರಸ್‌ಗೆ ಸಿದ್ಧವಾಗಿರುತ್ತದೆ. ಆದರೆ ಅದು ಬರುವುದಿಲ್ಲ. ತಂಡದ ಡಾನ್ ಫೆಲ್ಡರ್ ಮತ್ತು ಜೋ ವಾಲ್ಶ್ ಎರಡು ನಿಮಿಷ ಗಿಟಾರ್ ನುಡಿಸುತ್ತಾರೆ. ಹಾಡು ಹಾಗೇ ದೂರ ಹೋಗಿಬಿಡುತ್ತದೆ.

ಕಾಲೇಜಿನಲ್ಲಿದ್ದಾಗ ನಮ್ಮ ಬ್ಯಾಂಡ್ ಒಂದು ಸ್ಪರ್ಧೆಗೆ ಈ ಹಾಡು ತಯಾರು ಮಾಡಿತ್ತು. ಜನ ಜೊತೆಗೆ ಹಾಡಲಿ ಅಂತ ಕೊನೆಯ ವರ್ಸ್ ಆದಮೇಲೆ ನಾವೇ ಇನ್ನೊಂದು ಕೋರಸ್ ಸೇರಿಸಿದೆವು. ಜನ ಹಾಡಿದರು, ಚಪ್ಪಾಳೆಯೂ ಬಂತು. ಆದರೆ ಅದಾದ ಮೇಲೆ ನಾನು ಸೋಲೋ, ಅಂದರೆ ಹಾಡಿಲ್ಲದೆ ಗಿಟಾರ್ ಮುಂದೆ ನಿಲ್ಲುವ ಆ ಭಾಗ, ಶುರು ಮಾಡಿದರೆ ಯಾರಿಗೂ ಅದು ಬೇಕಿರಲಿಲ್ಲ. ಹಾಡು ಮುಗಿಯಿತು ಅಂದುಕೊಂಡು ಮುಂದಿನ ಸಾಲಿನವರು ಮಾತಿಗೆ ಇಳಿದರು. ತಿಂಗಳುಗಟ್ಟಲೆ ಕೂತು ಕಲಿತ ಸೋಲೋ ಅದು. ಅವತ್ತು ಯಾಕೆ ಹೀಗಾಯಿತು ಅನ್ನುವುದು ನನಗೆ ಎಷ್ಟೋ ವರ್ಷ ತಿಳಿಯಲಿಲ್ಲ.

ಈಗ ಹೀಗೆ ಅನಿಸುತ್ತದೆ. ಈ ಹಾಡಿನ ಕೋರಸ್ ಬಂದವನನ್ನು ಬರಮಾಡಿಕೊಳ್ಳುವ ಮಾತು. ಮೊದಲ ಸಲ ಅದು ನಿಜವಾದ ಆದರ ಅನಿಸುತ್ತದೆ. ಎರಡನೇ ಸಲ ಕೆಲವು ಪದ ಬದಲಾಗುತ್ತವೆ, ಏನೋ ಸರಿಯಿಲ್ಲ ಅನ್ನುವ ಭಾವ ಬರುತ್ತದೆ. ಕೊನೆಯ ವರ್ಸ್‌ನಲ್ಲಿ ಅವನು ಹೊರಗೆ ಓಡಲು ನೋಡುತ್ತಾನೆ, ಆಗುವುದಿಲ್ಲ. ಇಷ್ಟಾದ ಮೇಲೆ ಮತ್ತೆ ‘ಬನ್ನಿ ಬನ್ನಿ’ ಅಂದರೆ ಆ ಮಾತಿಗೆ ಏನು ಬೆಲೆ? ಹಾಗಾಗಿ ಮಾತು ನಿಲ್ಲುತ್ತದೆ, ತಂತಿ ಮಾತಾಡುತ್ತದೆ.

ಕಾರ್ಡ್‌ಗಳಲ್ಲೂ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಂಪುಗಳಲ್ಲೂ, ಇದೇ ಇದೆ. ವರ್ಸ್ ಬಿ ಮೈನರ್‌ನಲ್ಲಿ ಶುರುವಾಗಿ ಎಂಟು ಕಾರ್ಡ್ ಸುತ್ತಿ ಎಫ್ ಶಾರ್ಪ್‌ನಲ್ಲಿ ನಿಲ್ಲುತ್ತದೆ. ಎಫ್ ಶಾರ್ಪ್ ಬಂತು ಅಂದರೆ ಮನೆಗೆ, ಅಂದರೆ ಬಿ ಮೈನರ್‌ಗೆ ಹೋಗಬೇಕು ಅಂತ ಕಿವಿ ಕೇಳುತ್ತದೆ. ಆದರೆ ಕೋರಸ್ ಬರುವಾಗ ಎಫ್ ಶಾರ್ಪ್‌ನಿಂದ ಅರ್ಧ ಹೆಜ್ಜೆ ಮೇಲಿರುವ ಜಿ ಕಾರ್ಡ್‌ಗೆ ಹೋಗುತ್ತದೆ. ಮನೆ ಬಾಗಿಲ ತನಕ ಬಂದು ಪಕ್ಕದ ಮನೆಯ ಮೆಟ್ಟಿಲು ಹತ್ತಿದ ಹಾಗೆ. ಕೊನೆಯ ವರ್ಸ್ ಆದಮೇಲೆ ಕೋರಸ್ ಬಾರದೆ ಎಫ್ ಶಾರ್ಪ್ ನೇರವಾಗಿ ಬಿ ಮೈನರ್‌ಗೆ ಇಳಿಯುತ್ತದೆ, ಸೋಲೋ ಅಲ್ಲಿಂದ ಹೊರಡುತ್ತದೆ. ಸೋಲೋ ಪೂರ್ತಿ ನಡೆಯುವುದು ವರ್ಸ್‌ನ ಕಾರ್ಡ್‌ಗಳ ಮೇಲೆಯೇ.

ನನ್ನ ಮಾತು ಇಷ್ಟು: ಹಳೆಯ ರಾಕ್ ಹಾಡುಗಳಲ್ಲಿ ಕೋರಸ್‌ನ ಬಲ ಇರುವುದು ಅದಕ್ಕಾಗಿ ಎಷ್ಟು ಕಾಯಿಸುತ್ತಾರೆ, ಎಲ್ಲಿ ಕೊಡದೆ ಬಿಡುತ್ತಾರೆ ಅನ್ನುವುದರಲ್ಲಿ. ನಿಮಗೆ ಏನನಿಸುತ್ತದೆ?

ಹಳೇಕ್ಯಾಸೆಟ್

ಚೆನ್ನಾಗಿ ಬರೆದಿದ್ದೀರಿ. ಆದರೆ ಪೂರ್ತಿ ಒಪ್ಪಲು ಆಗುವುದಿಲ್ಲ. ಒಂದು ಹಾಡಿಗೆ ನಿಜವಾದದ್ದನ್ನು ಎಲ್ಲ ಹಾಡಿಗೂ ಹಚ್ಚಿದ್ದೀರಿ.

ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡ ತೆಗೆದುಕೊಳ್ಳಿ. 1969ರ ‘ಬ್ಯಾಡ್ ಮೂನ್ ರೈಸಿಂಗ್’. ಇಡೀ ಹಾಡು ಎರಡೂವರೆ ನಿಮಿಷವೂ ಇಲ್ಲ. ಅರ್ಧ ನಿಮಿಷದೊಳಗೆ ಕೋರಸ್ ಬಂದುಬಿಡುತ್ತದೆ, ಆಮೇಲೆ ಮತ್ತೆ ಮತ್ತೆ ಬರುತ್ತದೆ. ಕಾಯಿಸುವುದು ಎಲ್ಲಿ ಬಂತು? ಅದನ್ನು ಬರೆದು ಹಾಡಿದ ಜಾನ್ ಫೋಗರ್ಟಿಗೆ ನಾಲ್ಕು ಸಾಲಿನಲ್ಲಿ ಕಥೆ ಹೇಳಿ ಜನರ ಕೈಗೆ ಹಾಡು ಕೊಟ್ಟುಬಿಡುವುದು ಗೊತ್ತಿತ್ತು. ಅದೂ ದೊಡ್ಡ ವಿದ್ಯೆಯೇ.

ಇನ್ನೂ ಹಿಂದೆ ಹೋದರೆ ಚಕ್ ಬೆರಿ. 1958ರ ‘ಜಾನಿ ಬಿ. ಗುಡ್’ನಲ್ಲಿ ವರ್ಸ್ ನಡೆಯುವುದು ಹನ್ನೆರಡು ಬಾರ್‌ನ, ಅಂದರೆ ತಾಳದ ಹನ್ನೆರಡು ಆವರ್ತದ, ಬ್ಲೂಸ್ ಮೇಲೆ. ಕೋರಸ್ ನಡೆಯುವುದೂ ಅದೇ ಹನ್ನೆರಡು ಬಾರ್ ಮೇಲೆ. ಕಾರ್ಡ್ ಬದಲಾಗುವುದಿಲ್ಲ, ತಾಳ ಬದಲಾಗುವುದಿಲ್ಲ. ವರ್ಸ್‌ನಲ್ಲಿ ಮಾತು ಬಂಡಿಯ ಹಾಗೆ ಓಡುತ್ತದೆ, ಕೋರಸ್‌ನಲ್ಲಿ ಒಂದೇ ಪುಟ್ಟ ಪದವನ್ನು ಎಸೆದು ಗಿಟಾರ್‌ಗೆ ಉತ್ತರ ಕೊಡಲು ಬಿಡುತ್ತಾರೆ. ಇಷ್ಟೇ ವ್ಯತ್ಯಾಸ. ಆದರೂ ಕೋರಸ್ ಬಂತು ಅಂತ ಮಗುವಿಗೂ ತಿಳಿಯುತ್ತದೆ. 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ತಟ್ಟೆಯಲ್ಲಿ ಭೂಮಿಯ ಸಂಗೀತ ಅಂತ ಕಳಿಸಿದ್ದರಲ್ಲಿ ಈ ಹಾಡೂ ಇದೆ.

ಕೊಡದೆ ಬಿಡುವುದಕ್ಕೂ ಮೊದಲು ಧಾರಾಳವಾಗಿ ಕೊಡುವವರು ಇದ್ದರು ಅನ್ನುವುದನ್ನು ಮರೆಯಬೇಡಿ.

ಸರಳೆವರಸೆ

ನನಗೆ ರಾಕ್ ಅಷ್ಟಾಗಿ ಗೊತ್ತಿಲ್ಲ. ಸಂಗೀತ ಕಲಿತದ್ದು ಕರ್ನಾಟಕ ಶೈಲಿಯಲ್ಲಿ, ಮನೆಯಲ್ಲಿ ದೇವರನಾಮ ಹಾಡುತ್ತೇನೆ. ಮಗನಿಂದ ಈ ಹಾಡುಗಳು ಕಿವಿಗೆ ಬಿದ್ದಿವೆ. ಹಾಗಾಗಿ ಒಂದು ಮೂಲ ಪ್ರಶ್ನೆ.

ನಮ್ಮ ಆರ್ಕೆಸ್ಟ್ರಾದವರು, ಸಿನಿಮಾ ಸಂಗೀತದವರು ‘ಕೋರಸ್’ ಅನ್ನುವುದು ಹಿಂದೆ ನಿಂತು ಹಾಡುವ ಗುಂಪಿಗೆ. ನೀವು ಅನ್ನುತ್ತಿರುವುದು ಹಾಡಿನ ಒಂದು ಭಾಗಕ್ಕೆ. ಹಾಗಿದ್ದರೆ ಅದು ನಮ್ಮ ಪಲ್ಲವಿಯೇ ಅಲ್ವಾ? ಪಲ್ಲವಿಯೂ ತಿರುಗಿ ತಿರುಗಿ ಬರುತ್ತದೆ.

ಆದರೆ ನಿಮ್ಮ ಬರಹ ಓದಿದ ಮೇಲೆ ಒಂದು ವ್ಯತ್ಯಾಸ ಕಂಡಿತು. ನಮ್ಮಲ್ಲಿ ಪಲ್ಲವಿಯೇ ಮೊದಲು. ಅದೇ ಮನೆ. ಅನುಪಲ್ಲವಿ, ಚರಣ ಹಾಡಿ ಮತ್ತೆ ಮನೆಗೆ ಬರುತ್ತೇವೆ. ಪ್ರತಿ ಚರಣ ಆದಮೇಲೂ ಪಲ್ಲವಿ ಹಿಡಿಯದಿದ್ದರೆ ಹಾಡು ಅರ್ಧಕ್ಕೆ ನಿಂತ ಹಾಗೆ. ನೀವು ಹೇಳಿದ ಹಾಡಿನಲ್ಲಿ ಚರಣವೇ ಮನೆ, ಪಲ್ಲವಿ ಹೊರಗಿನದು. ಬಿ ಅನ್ನು ಷಡ್ಜ ಮಾಡಿಕೊಂಡು ನೋಡಿದೆ. ಎಫ್ ಶಾರ್ಪ್ ಪಂಚಮ, ಜಿ ಶುದ್ಧ ಧೈವತ. ಪಂಚಮದಲ್ಲಿ ನಿಂತು ಷಡ್ಜಕ್ಕೆ ಬರುವ ಬದಲು ಶುದ್ಧ ಧೈವತಕ್ಕೆ ಏರಿದರೆ ಎದೆಯಲ್ಲಿ ಸಣ್ಣಗೆ ಏನೋ ಆಗುತ್ತದೆ. ಅದು ಕರುಣೆ ತುಂಬಿದ ಜಾಗ. ‘ಬನ್ನಿ’ ಅನ್ನುವ ಮಾತನ್ನು ಅಲ್ಲಿ ಇಟ್ಟವರಿಗೆ ಅದು ಗೊತ್ತಿದ್ದೇ ಇಟ್ಟಿರಬೇಕು.

ತಂತಿಪೆಟ್ಟಿಗೆ

ಮೇಡಂ, ಪಂಚಮ–ಧೈವತದ ಮಾತು ಓದಿ ಗಿಟಾರ್ ತೆಗೆದು ಮತ್ತೆ ನುಡಿಸಿ ನೋಡಿದೆ. ಇಷ್ಟು ವರ್ಷ ನುಡಿಸಿದರೂ ಹಾಗೆ ಕೇಳಿರಲಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎರಡು ಅರ್ಥಕ್ಕೂ ಬೇರು ಒಂದೇ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ, ಸ್ಟೀಫನ್ ಫಾಸ್ಟರ್ ಕಾಲದ ಹಾಡುಗಳಲ್ಲಿ, ವರ್ಸ್ ಒಬ್ಬರು ಹಾಡುತ್ತಿದ್ದರು. ತಿರುಗಿ ಬರುವ ಭಾಗವನ್ನು ಗುಂಪು ಸೇರಿ ಹಾಡುತ್ತಿತ್ತು. ಗುಂಪು ಹಾಡುವ ಭಾಗ, ಅದಕ್ಕೇ ಕೋರಸ್. ನಮ್ಮ ಸೋಬಾನೆ ಪದದಲ್ಲಿ ಒಬ್ಬರು ಹೇಳಿ ಉಳಿದವರು ಸೊಲ್ಲು ಹಿಡಿಯುವ ಹಾಗೆ. ಆಮೇಲೆ ನ್ಯೂಯಾರ್ಕಿನ ಹಾಡು ಬರೆಯುವವರ ಕೈಯಲ್ಲಿ ವರ್ಸ್ ಸಣ್ಣದಾಗಿ ಬರೀ ಪೀಠಿಕೆಯಾಯಿತು. ಮೂವತ್ತೆರಡು ಬಾರ್‌ನ ಕೋರಸ್ಸೇ ಇಡೀ ಹಾಡಾಯಿತು. ಜಾಜ್ ನುಡಿಸುವವರು ಈಗಲೂ ಆ ಒಂದು ಪೂರ್ತಿ ಸುತ್ತಿಗೆ ಕೋರಸ್ ಅನ್ನುತ್ತಾರೆ.

ಆ ಮೂವತ್ತೆರಡು ಬಾರ್‌ನಲ್ಲಿ ಒಂದು ರಾಗದ ತುಣುಕು ಎರಡು ಸಲ, ನಡುವೆ ಬೇರೆ ತುಣುಕು, ಮತ್ತೆ ಮೊದಲನೆಯದು. ಬೀಟಲ್ಸ್‌ನ ‘ಯೆಸ್ಟರ್‌ಡೇ’ ಈ ಅಚ್ಚಿನದೇ. ಅದರಲ್ಲಿ ಈಗಿನ ಅರ್ಥದ ಕೋರಸ್ ಇಲ್ಲವೇ ಇಲ್ಲ. 1960ರ ದಶಕ ಮುಂದೆ ಹೋದ ಹಾಗೆ ವರ್ಸ್ ಮತ್ತು ಕೋರಸ್ ಬೇರೆ ಬೇರೆಯಾಗಿ ನಿಲ್ಲುವ ಅಚ್ಚು ಜಾಸ್ತಿಯಾಯಿತು. ಬೀಟಲ್ಸ್‌ನವರೇ 1964ರ ‘ಕಾಂಟ್ ಬೈ ಮಿ ಲವ್’ ಅನ್ನು ಕೋರಸ್‌ನಿಂದಲೇ ಶುರು ಮಾಡಿದರು. ಆ ಸಲಹೆ ಕೊಟ್ಟದ್ದು ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್. ನಿಮ್ಮ ಪಲ್ಲವಿಯ ಹಾಗೆ ಮನೆ ಮೊದಲು.

ಹಳೇಕ್ಯಾಸೆಟ್ ಸರ್, ಫೋಗರ್ಟಿ ವಿಷಯ ಒಪ್ಪಿದೆ. ಆದರೆ ಅಲ್ಲೂ ಒಂದು ಕಾಯುವುದು ಇದೆ, ಅರ್ಧ ನಿಮಿಷದ್ದು. ಅಷ್ಟೂ ಇಲ್ಲದಿದ್ದರೆ ಕೋರಸ್ ಬಂದದ್ದು ತಿಳಿಯುವುದು ಹೇಗೆ?

ಹಾಸನದ_ಡ್ರಮ್ಸ್

ಡ್ರಮ್ಸ್ ಕಡೆಯಿಂದ ನಾನು ಸ್ವಲ್ಪ ಹೇಳುತ್ತೇನೆ. ಕೋರಸ್ ಅನ್ನುವುದು ಕಾಗದದ ಮೇಲಿನ ಹೆಸರು. ಜನರ ಮೈಗೆ ಅದನ್ನು ತಲುಪಿಸುವ ಕೆಲಸ ಹಿಂದೆ ಕೂತ ನಮ್ಮದು.

ವರ್ಸ್ ನಡೆಯುವಾಗ ಹೈ-ಹ್ಯಾಟ್, ಅಂದರೆ ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್, ಮುಚ್ಚಿ ನುಡಿಸುತ್ತೇವೆ. ಸದ್ದು ಚಿಕ್ಕದು, ಒಣಗಿದ್ದು. ಹಾಡುವವರಿಗೆ ಜಾಗ ಸಿಗುತ್ತದೆ. ಕೋರಸ್‌ಗೆ ಒಂದು ಬಾರ್ ಇದೆ ಅನ್ನುವಾಗ ಸ್ನೇರ್, ಟಾಮ್ ಅನ್ನುವ ಡ್ರಮ್‌ಗಳ ಮೇಲೆ ಒಂದು ಫಿಲ್, ಅಂದರೆ ಜಾಗ ತುಂಬುವ ಸಣ್ಣ ನುಡಿಸಾಟ. ಕೋರಸ್‌ನ ಮೊದಲ ಪೆಟ್ಟಿಗೆ ಜೋರು ಸದ್ದಿನ ಕ್ರ್ಯಾಶ್ ಸಿಂಬಲ್. ಆಮೇಲೆ ಹೈ-ಹ್ಯಾಟ್ ಬಿಚ್ಚುತ್ತೇವೆ, ಇಲ್ಲವೇ ಕೈ ರೈಡ್ ಸಿಂಬಲ್‌ಗೆ ಹೋಗುತ್ತದೆ. ಬೇಸ್ ನುಡಿಸುವವರು ಬಿಡಿ ಸ್ವರ ಬಿಟ್ಟು ಎಡೆಬಿಡದೆ ಎಳೆಯುತ್ತಾರೆ. ಹಿಂದಿನ ದನಿಗಳು ಸೇರುತ್ತವೆ. ತಾಳದ ವೇಗ ಒಂದು ಚೂರೂ ಬದಲಾಗಿರುವುದಿಲ್ಲ, ಆದರೂ ಹಾಡು ಎದ್ದು ನಿಂತ ಹಾಗೆ ಕೇಳುತ್ತದೆ.

ಇದನ್ನು ಕಿವಿಯಾರೆ ಕೇಳಬೇಕು ಅಂದರೆ ಬೋಸ್ಟನ್ ತಂಡದ ‘ಮೋರ್ ದ್ಯಾನ್ ಎ ಫೀಲಿಂಗ್’ ಹಾಕಿ, 1976. ಟಾಮ್ ಶೋಲ್ಜ್ ಅನ್ನುವ ಎಂಜಿನಿಯರ್ ಮನೆಯ ನೆಲಮಾಳಿಗೆಯಲ್ಲಿ ಕೂತು ಒಂದೊಂದೇ ಪದರ ರೆಕಾರ್ಡ್ ಮಾಡಿ ಕಟ್ಟಿದ ಹಾಡು. ವರ್ಸ್‌ನಲ್ಲಿ ಸಣ್ಣಗೆ ಬಿಡಿಸಿ ನುಡಿಸುವ ಗಿಟಾರ್. ಕೋರಸ್‌ನಲ್ಲಿ ಗೋಡೆಯಂಥ ಗಿಟಾರ್. ನಡುವೆ ಗಾಯಕ ಬ್ರ್ಯಾಡ್ ಡೆಲ್ಪ್ ದನಿ ಒಂದೇ ಉಸಿರಿನಲ್ಲಿ ಮೇಲೆ ಹೋಗುತ್ತದೆ. ಅಲ್ಲಿ ನನಗೆ ಈಗಲೂ ರೋಮ ಏಳುತ್ತದೆ.

ಕಾಯಿಸುವ ಮಾತು ಬಂತಲ್ಲ. ಲೆಡ್ ಜೆಪ್ಪೆಲಿನ್‌ನ ‘ಸ್ಟೇರ್‌ವೇ ಟು ಹೆವನ್’ನಲ್ಲಿ ಜಾನ್ ಬೋನಮ್ ನಾಲ್ಕು ನಿಮಿಷ ಕೋಲು ಎತ್ತುವುದೇ ಇಲ್ಲ. ಎಂಟು ನಿಮಿಷದ ಹಾಡು, ಅರ್ಧ ಮುಗಿದ ಮೇಲೆ ಡ್ರಮ್ಸ್. ಕೋರಸ್ ಇಲ್ಲದ ಆ ಹಾಡಿನಲ್ಲಿ ಡ್ರಮ್ಸ್ ಬಂದದ್ದೇ ಕೋರಸ್ ಬಂದಷ್ಟು ದೊಡ್ಡ ಸಂಗತಿ.

ಇನ್ನೊಂದು. ಬಾನ್ ಜೋವಿಯ ‘ಲಿವಿನ್ ಆನ್ ಎ ಪ್ರೇಯರ್’, 1986. ಕೊನೆಯ ಕೋರಸ್‌ಗೆ ಶ್ರುತಿ ಮೂರು ಅರ್ಧ ಹೆಜ್ಜೆ ಮೇಲೆ ಹೋಗುವುದು ಎಲ್ಲರಿಗೂ ಗೊತ್ತು. ಅದಕ್ಕೆ ಸ್ವಲ್ಪ ಮೊದಲು ನಾಲ್ಕು ಪೆಟ್ಟಿನ ಬದಲು ಮೂರೇ ಪೆಟ್ಟಿನ ಒಂದು ಬಾರ್ ಇದೆ. ಒಂದು ಪೆಟ್ಟು ಕಡಿಮೆಯಾದ್ದರಿಂದ ಕೋರಸ್ ನಾವು ಕಾಯುತ್ತಿದ್ದ ಗಳಿಗೆಗಿಂತ ಮೊದಲೇ ಮೇಲೆ ಬೀಳುತ್ತದೆ. ಮೊದಲ ಸಲ ನುಡಿಸಿದಾಗ ನಾನು ಅಲ್ಲಿ ತಪ್ಪಿದ್ದೆ. ಎಣಿಸಿ ಎಣಿಸಿ ಕಲಿತೆ. ಕಾಯಿಸುವುದು ಒಂದು ವಿದ್ಯೆ ಆದರೆ, ಕಾಯುತ್ತಿದ್ದವರಿಗೆ ಒಂದು ಪೆಟ್ಟು ಮುಂಚೆ ಕೊಡುವುದೂ ಒಂದು ವಿದ್ಯೆ.

ರಿಫ್_ರಾಯ

ನೀವೆಲ್ಲ ಹಾಡುವ ಕೋರಸ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಡೀಪ್ ಪರ್ಪಲ್ ತಂಡದ ‘ಸ್ಮೋಕ್ ಆನ್ ದ ವಾಟರ್’ ಯಾರಿಗಾದರೂ ನೆನಪು ಮಾಡಿ, ಅವರು ಹಾಡುವುದು ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್‌ನ ರಿಫ್, ಅಂದರೆ ತಿರುಗಿ ತಿರುಗಿ ಬರುವ ಆ ಸಣ್ಣ ಗಿಟಾರ್ ತುಣುಕು. ಕೋರಸ್ ಎರಡು ಸಾಲು ಬಂದು ಹೋಗುತ್ತದೆ ಅಷ್ಟೆ. 1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಕ್ಯಾಸಿನೋಗೆ ಬೆಂಕಿ ಬಿದ್ದ ಕಥೆಯನ್ನು ವರ್ಸ್ ವರದಿಯ ಹಾಗೆ ಹೇಳುತ್ತದೆ. ಕಥೆ ಮರೆತರೂ ರಿಫ್ ಮರೆಯುವುದಿಲ್ಲ. ತಿರುಗಿ ಬಂದು ಜನರನ್ನು ಒಟ್ಟು ಮಾಡುವುದು ಕೋರಸ್‌ನ ಕೆಲಸ ಅನ್ನುವುದಾದರೆ ಇಲ್ಲಿ ರಿಫ್ಫೇ ಕೋರಸ್.

ಹಳೇಕ್ಯಾಸೆಟ್

ರಿಫ್_ರಾಯ, ನೂರಕ್ಕೆ ನೂರು.

ತಂತಿಪೆಟ್ಟಿಗೆಯವರೇ, ಎರಡು ದಿನ ಯೋಚನೆ ಮಾಡಿ ಬರೆಯುತ್ತಿದ್ದೇನೆ. ನಿಮ್ಮ ಮಾತಿನಲ್ಲಿ ಕಾಲ ಒಂದು ಸೇರಬೇಕು. ಚಕ್ ಬೆರಿ ಬರೆಯುತ್ತಿದ್ದದ್ದು ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗುವ ಸಣ್ಣ ಗ್ರಾಮಫೋನ್ ತಟ್ಟೆಗೆ, ರೇಡಿಯೋಗೆ. ಮೂರು ನಿಮಿಷದೊಳಗೆ ಕೆಲಸ ಮುಗಿಯಬೇಕು. 1965ರಲ್ಲಿ ಬಾಬ್ ಡಿಲನ್ ‘ಲೈಕ್ ಎ ರೋಲಿಂಗ್ ಸ್ಟೋನ್’ ಆರು ನಿಮಿಷ ಮಾಡಿದಾಗ ರೇಡಿಯೋದವರಿಗೆ ಕಳಿಸಿದ ತಟ್ಟೆಯಲ್ಲಿ ಅದನ್ನು ಎರಡು ಮಗ್ಗುಲಿಗೆ ಕತ್ತರಿಸಿ ಹಾಕಬೇಕಾಯಿತು. ಅದರಲ್ಲಿ ಕೋರಸ್ ಪ್ರತಿ ವರ್ಸ್ ಆದಮೇಲೂ ಬರುತ್ತದೆ, ಒಂದನ್ನೂ ಬಿಡುವುದಿಲ್ಲ. ಆದರೆ ವರ್ಸ್ ಎಷ್ಟು ಉದ್ದ! ಕೇಳುವವರು ಮಾತಿನ ಮೇಲೆ ಮಾತು ಹೊತ್ತುಕೊಂಡು ಬಂದು ಕೋರಸ್‌ನಲ್ಲಿ ಕೆಳಗಿಳಿಸುತ್ತಾರೆ. ಆಮೇಲೆ ಎಲ್‌ಪಿ ಅನ್ನುವ ದೊಡ್ಡ ತಟ್ಟೆ ಕೇಳುವ ಜನ ಬೆಳೆದರು. ಉದ್ದದ ಹಾಡು ಹಾಕುವ ಎಫ್‌ಎಂ ಸ್ಟೇಷನ್‌ಗಳು ಬಂದವು. ಕೋರಸ್ ತಡ ಮಾಡಿದರೂ ಎದ್ದು ಹೋಗದ ಕೇಳುಗರು ಸಿಕ್ಕಿದ್ದು ಆಗ. ಆ ಕೇಳುಗರಿಲ್ಲದೆ ನಿಮ್ಮ ಎರಡು ನಿಮಿಷದ ಗಿಟಾರ್ ಇಲ್ಲ.

ಒಂದು ನೆನಪು ಹೇಳುತ್ತೇನೆ. 2002ರಲ್ಲಿ ಪಿಂಕ್ ಫ್ಲಾಯ್ಡ್ ತಂಡದಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದರು. ಪಿಂಕ್ ಫ್ಲಾಯ್ಡ್‌ನ ಕ್ಯಾಸೆಟ್‌ಗಳನ್ನು ಕಾಪಿ ಮೇಲೆ ಕಾಪಿ ಮಾಡಿಸಿಕೊಂಡು ಬೆಳೆದವನು ನಾನು. ಟೇಪಿನ ಸುಂಯ್ ಸದ್ದು ಹಾಡಿನದೇ ಭಾಗ ಅಂದುಕೊಂಡಿದ್ದೆ. ಅವತ್ತು ‘ಕಂಫರ್ಟಬ್ಲಿ ನಂಬ್’ ಬಂತು. ಕೋರಸ್ ಬಂದಾಗ ಸುತ್ತಲೂ ಎಲ್ಲರೂ ಹಾಡಿದರು, ಗೊತ್ತಿಲ್ಲದವರು ಹೆಗಲ ಮೇಲೆ ಕೈ ಹಾಕಿದರು. ಕೊನೆಯ ಸೋಲೋ ಶುರುವಾದಾಗ ನನ್ನ ಅಕ್ಕಪಕ್ಕದವರೆಲ್ಲ ಮೌನ. ನನ್ನ ಪಕ್ಕ ನಿಂತಿದ್ದ ಹುಡುಗ ಕಣ್ಣು ಮುಚ್ಚಿದ್ದ. ಆ ಮೌನ ನನಗೆ ಇನ್ನೂ ಕೇಳಿಸುತ್ತದೆ.

ತಂತಿಪೆಟ್ಟಿಗೆ

ಸರ್, ಆ ಹಾಡಿನ ಬಗ್ಗೆಯೇ ಬರೆಯಬೇಕು ಅಂತಿದ್ದೆ. 1979ರ ‘ದ ವಾಲ್’ ಆಲ್ಬಂನ ಹಾಡು. ಅದೂ ಬಿ ಮೈನರ್. ಅದರಲ್ಲೂ ಕೋರಸ್ ಎರಡೇ ಸಲ. ಅದೂ ವರ್ಸ್‌ನ ಕಾರ್ಡ್‌ಗಳ ಮೇಲಿನ ಗಿಟಾರ್ ಸೋಲೋದಲ್ಲೇ ಮುಗಿಯುತ್ತದೆ. ಎರಡು ಬೇರೆ ದೇಶ, ಬೇರೆ ಮನಸ್ಸಿನ ತಂಡಗಳು. ಹಾಡು ಕಟ್ಟಿದ ರೀತಿ ಮಾತ್ರ ಅಣ್ಣತಮ್ಮಂದಿರ ಹಾಗಿದೆ.

ಇದರಲ್ಲಿ ವರ್ಸ್ ಹಾಡುವುದು ವಾಟರ್ಸ್, ಡಾಕ್ಟರ್ ಆಗಿ. ಕೋರಸ್ ಹಾಡುವುದು ಡೇವಿಡ್ ಗಿಲ್ಮೋರ್, ರೋಗಿಯಾಗಿ. ವರ್ಸ್ ಬಿ ಮೈನರ್, ಕೋರಸ್ ಡಿ ಮೇಜರ್. ಸ್ವರಗಳು ಅವೇ, ನಿಲ್ಲುವ ಜಾಗ ಬೇರೆ. ಡ್ರಮ್ಸ್ ಗೆಳೆಯರು ಹೇಳಿದ ಹಾಗೆ ಇಲ್ಲಿ ಕೋರಸ್ ಎದ್ದು ನಿಲ್ಲುವುದಿಲ್ಲ. ಕಿಟಕಿ ತೆರೆದ ಹಾಗೆ ಮೆಲ್ಲಗೆ ಅಗಲವಾಗುತ್ತದೆ. ರೋಗಿಗೆ ಚಿಕ್ಕವನಿದ್ದಾಗಿನ ಜ್ವರ ನೆನಪಾಗುತ್ತದೆ. ಮೊದಲ ಸೋಲೋ ಕೋರಸ್‌ನ ಕಾರ್ಡ್‌ಗಳ ಮೇಲೆ ಇದೆ, ಅದಕ್ಕೇ ಅಷ್ಟು ಹಗುರ. ಎರಡನೆಯದು ಡಾಕ್ಟರ್‌ನ ಕಾರ್ಡ್‌ಗಳ ಮೇಲೆ. ಅಂದರೆ ರೋಗಿ ಹಾಡುತ್ತಿದ್ದ ಜಾಗಕ್ಕೆ ಹಾಡು ಮತ್ತೆ ಹೋಗುವುದೇ ಇಲ್ಲ. ನೀವು ಕೇಳಿಸಿಕೊಂಡ ಮೌನ ಅದರದ್ದೇ ಅನಿಸುತ್ತದೆ.

ಹೋಟೆಲ್ ಕ್ಯಾಲಿಫೋರ್ನಿಯಾದ ಸೋಲೋ ಬಗ್ಗೆ ಒಂದು ವಿಷಯ ಬಿಟ್ಟುಹೋಗಿತ್ತು. ಫೆಲ್ಡರ್ ಆ ಸಂಗೀತವನ್ನು ಮೊದಲು ಮನೆಯಲ್ಲಿ ಟೇಪ್ ಮಾಡಿಕೊಂಡಿದ್ದರು. ಮಯಾಮಿಯ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ನಡೆಯುವಾಗ ಸೋಲೋವನ್ನು ಹೊಸದಾಗಿ, ಆಗ ತೋಚಿದಂತೆ ನುಡಿಸಲು ಹೊರಟರು. ಆ ಹಾಡು ಹಾಡಿದ ಡಾನ್ ಹೆನ್ಲಿ ಬಿಡಲಿಲ್ಲ. ಟೇಪಿನಲ್ಲಿ ಇದ್ದದ್ದೇ ಬೇಕು ಅಂದರು. ಫೆಲ್ಡರ್ ಕ್ಯಾಲಿಫೋರ್ನಿಯಾದ ತಮ್ಮ ಮನೆಗೆ ಫೋನ್ ಮಾಡಿ, ಮನೆಕೆಲಸದವರ ಕೈಲಿ ಟೇಪ್ ಹಾಕಿಸಿ, ಫೋನಿನಲ್ಲಿ ಕೇಳಿ ಮತ್ತೆ ಕಲಿತರು. ಅಂದರೆ ಆ ಸೋಲೋದ ಒಂದೊಂದು ಸ್ವರವೂ ಹಾಡಿನ ಸಾಲಿನಷ್ಟೇ ಗಟ್ಟಿ. ಜನ ಅದನ್ನು ಬಾಯಲ್ಲಿ ಹಾಡುತ್ತಾರೆ. ಮೂರನೇ ಕೋರಸ್‌ನ ಜಾಗದಲ್ಲಿ ನಿಲ್ಲುವ ಯೋಗ್ಯತೆ ಅದಕ್ಕೆ ಬಂದದ್ದು ಹೀಗೆ.

ಹೊಸಕಿವಿ

ಎಲ್ಲರಿಗೂ ನಮಸ್ಕಾರ. ನನಗೆ 19 ವರ್ಷ. ನಮ್ಮದು ನಾಲ್ಕು ಜನರ ಬ್ಯಾಂಡ್, ಕನ್ನಡದಲ್ಲಿ ಹಾಡು ಬರೆಯುತ್ತೇವೆ. ಒಂದು ಹಾಡು ಎರಡು ತಿಂಗಳಿಂದ ಮುಗಿಯುತ್ತಿಲ್ಲ, ಅದಕ್ಕೇ ಇದನ್ನೆಲ್ಲ ಎರಡೆರಡು ಸಲ ಓದಿದೆ.

ಹಾಡು ಊರಿಗೆ ಹೋಗುವ ಕೊನೆಯ ಬಸ್ಸಿನ ಬಗ್ಗೆ. ಕೋರಸ್ ಎಲ್ಲರಿಗೂ ಇಷ್ಟವಾಗಿದೆ. ಹಾಗಾಗಿ ನಾಲ್ಕು ಸಲ ಇಟ್ಟಿದ್ದೇವೆ, ಮೊದಲನೆಯದು ಮೂವತ್ತು ಸೆಕೆಂಡಿಗೇ ಬರುತ್ತದೆ. ತಡವಾದರೆ ಯಾರೂ ಕೇಳುವುದಿಲ್ಲ ಅಂತ ನಮ್ಮ ಗಾಯಕಿ ಹೇಳುತ್ತಾಳೆ. ಆದರೆ ನಾಲ್ಕನೇ ಸಲ ಬರುವ ಹೊತ್ತಿಗೆ ನನಗೇ ಸಾಕು ಅನಿಸುತ್ತದೆ. ಅದೇ ಮಾತು, ಅದೇ ರಾಗ, ಆದರೆ ಏನೂ ಆಗುವುದಿಲ್ಲ. ಏನು ಮಾಡುವುದು?

ಹಾಸನದ_ಡ್ರಮ್ಸ್

ತಮ್ಮಾ, ಜರ್ನಿ ತಂಡದ ‘ಡೋಂಟ್ ಸ್ಟಾಪ್ ಬಿಲೀವಿನ್’ ಕೇಳಿದ್ದೀಯಾ? 1981ರ ಹಾಡು, ನಾಲ್ಕು ನಿಮಿಷ ಚಿಲ್ಲರೆ ಇದೆ. ಹಾಡಿನ ಹೆಸರಿರುವ ಕೋರಸ್ ಬರುವುದು ಮೂರು ನಿಮಿಷ ದಾಟಿದ ಮೇಲೆ. ಒಮ್ಮೆ ಬಂದರೆ ಹಾಡು ಮಸುಕಾಗಿ ಮುಗಿಯುವ ತನಕ ಅದೇ. ಹಾಗಂತ ಮೂರು ನಿಮಿಷ ಬರಿಗೈಯಲ್ಲಿ ಕೂರಿಸುವುದಿಲ್ಲ. ಶುರುವಿನ ಪಿಯಾನೋ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ. ನಡುವೆ ಇನ್ನೊಂದು ಭಾಗ ಬರುತ್ತದೆ, ಅದನ್ನೇ ಕೋರಸ್ ಅಂದುಕೊಳ್ಳುವಷ್ಟು ಚೆನ್ನಾಗಿದೆ. ಕೋರಸ್‌ಗೆ ಮೊದಲು ತಂಡದ ನೀಲ್ ಶಾನ್ ಗಿಟಾರ್‌ನಲ್ಲಿ ಅದೇ ರಾಗ ನುಡಿಸಿ ತೋರಿಸುತ್ತಾರೆ. ಕಿವಿಗೆ ಗುರುತಾದ ಮೇಲೆ ದನಿ ಬರುತ್ತದೆ.

ಕಾಯಿಸು, ಆದರೆ ದಾರಿಯಲ್ಲಿ ಏನಾದರೂ ಕೊಡುತ್ತಾ ಹೋಗು.

ಸರಳೆವರಸೆ

ಈ ಚರ್ಚೆ ಓದುತ್ತಾ ಮಗನ ಕೈಲಿ ಬೀಟಲ್ಸ್‌ನ ‘ಹೇ ಜೂಡ್’ ಹಾಕಿಸಿಕೊಂಡೆ. ಏಳು ನಿಮಿಷದ ಹಾಡು, 1968ರದ್ದು. ಹಾಡು ಅಂತ ಇರುವುದು ಮೊದಲ ಮೂರು ನಿಮಿಷ. ಅದರಲ್ಲಿ ಕೋರಸ್ ಇಲ್ಲ. ಆಮೇಲೆ ಮೂರೇ ಕಾರ್ಡ್, ಅರ್ಥವಿಲ್ಲದ ಒಂದೇ ಅಕ್ಷರ, ಸುಮಾರು ನಾಲ್ಕು ನಿಮಿಷ ಅದೇ. ಮಗ ಹೇಳಿದ, ಅದಕ್ಕೆ ಕರೆಸಿದ್ದ 36 ಜನ ವಾದ್ಯದವರನ್ನೇ ಚಪ್ಪಾಳೆ ತಟ್ಟಿ ಹಾಡಿ ಅಂತ ಕೇಳಿದ್ದರಂತೆ.

ನನಗೆ ಭಜನೆ ನೆನಪಾಯಿತು. ಕೊನೆಗೆ ಬರೀ ನಾಮ ಉಳಿಯುತ್ತದೆ, ಅದನ್ನು ಎಲ್ಲರೂ ಹೇಳುತ್ತಾರೆ. ಯಾರಿಗೂ ಬೇಸರವಾಗುವುದಿಲ್ಲ. ಯಾಕೆಂದರೆ ಆ ಹೊತ್ತಿಗೆ ಕೇಳುವವರು ಅಂತ ಯಾರೂ ಇರುವುದಿಲ್ಲ, ಎಲ್ಲರೂ ಹಾಡುವವರೇ.

ಹೊಸಕಿವಿ, ನಿಮ್ಮ ನಾಲ್ಕನೇ ಕೋರಸ್ ಯಾರು ಹಾಡುತ್ತಾರೆ? ನಿಮ್ಮ ಗಾಯಕಿ ಒಬ್ಬರೇ ಹಾಡುವುದಾದರೆ ಅದು ಅದೇ ಮಾತನ್ನು ಮತ್ತೆ ಹೇಳಿದ ಹಾಗೆ. ಸೇರಿದವರು ಹಾಡಿದರೆ ಅದು ಹೊಸದು.

ರಿಫ್_ರಾಯ

ಮೇಡಂ ಹೇಳಿದ್ದಕ್ಕೆ ಒಂದು ಸಾಕ್ಷಿ. 1977ರಲ್ಲಿ ಇಂಗ್ಲೆಂಡಿನ ಬಿಂಗ್ಲಿ ಹಾಲ್‌ನಲ್ಲಿ ಕ್ವೀನ್ ತಂಡ ಕಾರ್ಯಕ್ರಮ ಮುಗಿಸಿ ಹೋದ ಮೇಲೂ ಜನ ಅವರಿಗಾಗಿ ಹಾಡುತ್ತಾ ನಿಂತರು. ಜನಸಂದಣಿಯಲ್ಲಿ ನಿಂತವರು ಏನು ಮಾಡಬಹುದು? ಕಾಲು ಬಡಿಯಬಹುದು, ಚಪ್ಪಾಳೆ ತಟ್ಟಬಹುದು, ಹಾಡಬಹುದು. ತಂಡದ ಗಿಟಾರಿಸ್ಟ್ ಬ್ರಯಾನ್ ಮೇ ಅದನ್ನೇ ಹಿಡಿದು ‘ವಿ ವಿಲ್ ರಾಕ್ ಯು’ ಬರೆದರು. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಹಲಗೆಗಳ ಮೇಲೆ ಕಾಲು ಬಡಿದು ಪದರ ಪದರವಾಗಿ ರೆಕಾರ್ಡ್ ಮಾಡಿದರು. ಗಿಟಾರ್ ಬರುವುದು ಕೊನೆಯಲ್ಲಿ ಮಾತ್ರ. ಅದೇ ಕ್ವೀನ್ ಎರಡು ವರ್ಷ ಹಿಂದೆ ‘ಬೊಹೀಮಿಯನ್ ರಾಪ್ಸಡಿ’ ಮಾಡಿತ್ತು. ಆರು ನಿಮಿಷಕ್ಕೆ ಐದು ಸೆಕೆಂಡು ಕಡಿಮೆ, ಕೋರಸ್ ಒಂದೂ ಇಲ್ಲ. ಅದನ್ನೂ ಜನ ಮೊದಲಿಂದ ಕೊನೆ ತನಕ ಹಾಡುತ್ತಾರೆ.

ಹಳೇಕ್ಯಾಸೆಟ್

ಹೊಸಕಿವಿ, ನನ್ನದೂ ಒಂದು ಮಾತು. ಪಿಂಕ್ ಫ್ಲಾಯ್ಡ್‌ನ ‘ವಿಶ್ ಯು ವರ್ ಹಿಯರ್’, 1975. ಹೆಸರಿನ ಸಾಲು ಬರುವ ಆ ಭಾಗ ಇಡೀ ಹಾಡಿನಲ್ಲಿ ಒಂದೇ ಸಲ ಬರುತ್ತದೆ. ಒಂದೇ ಸಲ! ಇಲ್ಲದವರನ್ನು ನೆನೆಯುವ ಹಾಡು ಅದು. ಆ ಭಾಗ ಎರಡು ಸಲ ಬಂದಿದ್ದರೆ ಭಾರ ಕಡಿಮೆಯಾಗುತ್ತಿತ್ತು. ಫೋಗರ್ಟಿ ಪರವಾಗಿ ಇಷ್ಟು ವಾದ ಮಾಡಿದವನೇ ಹೇಳುತ್ತಿದ್ದೇನೆ.

ನಿಮ್ಮ ಬಸ್ಸಿನ ಹಾಡಿನ ಕೋರಸ್‌ನಲ್ಲಿ ಏನು ಮಾತಿದೆ ಅನ್ನುವುದು ಮುಖ್ಯ. ಎಲ್ಲರೂ ಹೇಳುವ ಮಾತಾದರೆ ನಾಲ್ಕಲ್ಲ, ಆರು ಸಲ ಇಡಿ. ಒಬ್ಬನ ಮಾತಾದರೆ ಕಡಿಮೆ ಮಾಡಿ.

ತಂತಿಪೆಟ್ಟಿಗೆ

ಸರ್ ಹೇಳಿದ್ದು ನಾನು ಶುರುವಿನಲ್ಲಿ ಹೇಳಿದ್ದಕ್ಕಿಂತ ಸರಿಯಾಗಿದೆ. ನಾನು ಎಣಿಕೆ ಹಿಡಿದುಕೊಂಡಿದ್ದೆ, ನೀವು ಮಾತು ಯಾರದ್ದು ಅಂತ ಕೇಳಿದಿರಿ.

ಹೊಸಕಿವಿ, ಮೂರು ಪ್ರಯೋಗ ಮಾಡಿ ನೋಡಿ. ಎರಡನೇ ಕೋರಸ್‌ನಲ್ಲಿ ಒಂದೆರಡು ಪದ ಬದಲಿಸಿ, ಹೆನ್ಲಿ ಮಾಡಿದ ಹಾಗೆ. ಬಸ್ಸು ಹತ್ತುವಾಗ ಇದ್ದ ಮಾತು ಅರ್ಧ ದಾರಿಯಲ್ಲಿ ಹಾಗೇ ಇರುವುದಿಲ್ಲ. ಮೂರನೆಯದನ್ನು ತೆಗೆದು ಅಲ್ಲಿ ಗಿಟಾರ್ ಇಡಿ, ಆದರೆ ಸುಮ್ನೆ ತೋಚಿದ್ದು ಬೇಡ, ಕೂತು ಬರೆದ ರಾಗ ಇರಲಿ. ನಾಲ್ಕನೆಯದು ಬೇಕೋ ಬೇಡವೋ ಅನ್ನುವುದು ಆಗ ನಿಮಗೇ ಗೊತ್ತಾಗುತ್ತದೆ.

ಹೊಸಕಿವಿ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕು ಅನಿಸಿತು.

ಎರಡನೇ ಕೋರಸ್‌ನಲ್ಲಿ ‘ನಿಲ್ಲು’ ಅನ್ನುವುದನ್ನು ‘ನಿಲ್ಲಬೇಡ’ ಅಂತ ಮಾಡಿದೆವು. ಮೊದಲು ಬಸ್ಸು ತಪ್ಪಿಹೋಗಬಾರದು ಅಂತ ಕೂಗುವವನು, ಆಮೇಲೆ ಊರು ಹತ್ತಿರ ಬಂದಾಗ ಬಸ್ಸು ನಿಲ್ಲದೆ ಹೋಗುತ್ತಿರಲಿ ಅನ್ನುತ್ತಾನೆ. ಆ ಒಂದು ಪದ ಬದಲಾದ ಮೇಲೆ ಕೊನೆಯ ವರ್ಸ್ ಕೂಡ ಹೊಸದಾಗಿ ಬರೆಯಬೇಕಾಯಿತು. ಅವನ ಅಪ್ಪ ಬಸ್ ಸ್ಟಾಪಿನಲ್ಲಿ ಟಾರ್ಚ್ ಹಿಡಿದು ನಿಂತಿರುತ್ತಾರೆ. ಆ ಸಾಲು ಆದಮೇಲೆ ಕೋರಸ್ ಹಾಡಲು ನಮ್ಮ ಗಾಯಕಿಗೇ ಮನಸ್ಸು ಬರಲಿಲ್ಲ. ಅವಳೇ ತೆಗೆಯೋಣ ಅಂದಳು.

ಕಳೆದ ಶನಿವಾರ ಗೆಳೆಯನ ಮನೆಯ ಮಹಡಿ ಮೇಲೆ ಸುಮಾರು ಮೂವತ್ತು ಜನರ ಮುಂದೆ ನುಡಿಸಿದೆವು. ಕೊನೆಯ ವರ್ಸ್ ಮುಗಿದಾಗ ಗಾಯಕಿ ಮೈಕಿನಿಂದ ಎರಡು ಹೆಜ್ಜೆ ಹಿಂದೆ ಬಂದು ನಿಂತಳು. ನಾನು ಹದಿನಾರು ಬಾರ್ ಗಿಟಾರ್ ನುಡಿಸಿದೆ. ಎಂಟನೇ ಬಾರ್ ಹೊತ್ತಿಗೆ ಹಿಂದೆ ಕೂತಿದ್ದ ಇಬ್ಬರು ಹುಡುಗಿಯರು ಮೆಲ್ಲಗೆ ಕೋರಸ್ ಹಾಡಲು ಶುರು ಮಾಡಿದರು, ಮೊದಲನೇ ಸಲದ ಪದಗಳಲ್ಲಿ, ‘ನಿಲ್ಲು, ನಿಲ್ಲು’ ಅಂತ. ನಮ್ಮ ಕಾರ್ಡ್‌ಗಳಿಗೆ ಅದು ಪೂರ್ತಿ ಹೊಂದುವುದಿಲ್ಲ. ಡ್ರಮ್ಸ್ ನುಡಿಸುವವನು ನನ್ನ ಮುಖ ನೋಡಿದ. ನಾನು ಗಿಟಾರ್‌ನ ದನಿ ತಗ್ಗಿಸಿ ಅವರ ಕಾರ್ಡ್‌ಗಳಿಗೆ ಹೋದೆ.